ಜಪಪಠ್ಯದ ಅಂಚುಗಳು: ಕಥೋಲಿಕ ಪ್ರಾರ್ಥನೆಗಳ ಬೆಳವಣಿಗೆ ಮತ್ತು ಗದಗ ಸೀಮೆಯ ಭಕ್ತಿಪರಂಪರೆ

೧. ಪ್ರವೇಶ

ಜಾನಪದ ಅಧ್ಯಯನದಲ್ಲಿ ಬಹುಕಾಲದಿಂದ ಒಂದು ವಿಭಜನೆ ರೂಢಿಯಲ್ಲಿದೆ. ಬಾಯಿಂದ ಬಾಯಿಗೆ ಸಾಗುತ್ತ, ಹಾಡುವವರಿಗೂ ಕೇಳುವವರಿಗೂ ತಕ್ಕಂತೆ ರೂಪ ಬದಲಿಸುವ ಪಠ್ಯವು ಜನಪದರದು; ಬರಹದಲ್ಲಿ ನೆಲೆನಿಂತು, ಧಾರ್ಮಿಕ ಅಧಿಕಾರದ ಒಪ್ಪಿಗೆ ಪಡೆದು, ಅಕ್ಷರ ತಪ್ಪದೆ ಪಠಿಸಲ್ಪಡುವ ಪಠ್ಯವು ಸಂಸ್ಥೆಯದು. ಮೊದಲನೆಯದಕ್ಕೆ ಕ್ಷೇತ್ರಕಾರ್ಯ, ಪಾಠಾಂತರ, ಸಂದರ್ಭ ಎಂಬ ಪರಿಕಲ್ಪನೆಗಳನ್ನು ಅನ್ವಯಿಸಲಾಗುತ್ತದೆ. ಎರಡನೆಯದನ್ನು ಧರ್ಮಶಾಸ್ತ್ರದವರಿಗೆ ಬಿಟ್ಟುಕೊಡಲಾಗುತ್ತದೆ. ಕನ್ನಡದಲ್ಲಿ ತತ್ತ್ವಪದ, ಭಜನೆ, ಮೊಹರಮ್ಮಿನ ರಿವಾಯತ್ ಪದ, ಚೌಡಿಕೆ ಪದಗಳ ಮೇಲೆ ಹೇರಳವಾಗಿ ಸಂಶೋಧನೆ ನಡೆದಿದ್ದರೂ ಕ್ರೈಸ್ತ ಮನೆಗಳಲ್ಲಿ ಸಂಜೆ ಹೊತ್ತು ನಡೆಯುವ ಜಪಪ್ರಾರ್ಥನೆ ಜಾನಪದದ ವಸ್ತುವಾಗಿ ವಿರಳವಾಗಿಯೇ ಪರಿಗಣಿತವಾಗಿರುವುದಕ್ಕೆ ಈ ವಿಭಜನೆಯೇ ಮುಖ್ಯ ಕಾರಣ. ಅದು ಅನುವಾದ, ಅದು ಸ್ಥಿರ, ಅದು ಹೊರಗಿನದು ಎಂಬ ಮೂರು ಗ್ರಹಿಕೆಗಳು ಒಟ್ಟಿಗೆ ಕೆಲಸ ಮಾಡಿವೆ.

ಈ ಮೂರೂ ಗ್ರಹಿಕೆಗಳು ಮರುಪರಿಶೀಲನೆಗೆ ಅರ್ಹವಾಗಿವೆ. ಕಥೋಲಿಕ ಪ್ರಾರ್ಥನೆಗಳ ಇತಿಹಾಸವನ್ನು ಗಮನಿಸಿದರೆ, ಇಂದು ಸ್ಥಿರವೆಂದು ಕಾಣುವ ಪ್ರತಿಯೊಂದು ಪಠ್ಯವೂ ಪದರ ಪದರವಾಗಿ ಬೆಳೆದುದೆಂಬುದು ಸ್ಪಷ್ಟವಾಗುತ್ತದೆ. ಆದರೆ ‘ಎಲ್ಲವೂ ಬದಲಾಗುತ್ತದೆ’ ಎಂಬ ಮಾತು ಸುಲಭದ್ದು. ಅದರಿಂದ ಅಧ್ಯಯನಕ್ಕೆ ಹೆಚ್ಚಿನ ಲಾಭವಿಲ್ಲ. ಪಠ್ಯದ ಯಾವ ಭಾಗ ಬದಲಾಗುತ್ತದೆ, ಯಾವ ಭಾಗ ನಿಲ್ಲುತ್ತದೆ, ಬದಲಾವಣೆಗೆ ಒಪ್ಪಿಗೆ ಕೊಡುವವರು ಯಾರು ಎಂಬ ಪ್ರಶ್ನೆಗಳೇ ಮುಖ್ಯ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳನ್ನೊಳಗೊಂಡ ಸೀಮೆಯ ಭಕ್ತಿಪರಂಪರೆಯನ್ನು ಪಕ್ಕದಲ್ಲಿಟ್ಟು ನೋಡಿದಾಗ ಈ ಪ್ರಶ್ನೆಗಳಿಗೆ ಹೊಸ ಬೆಳಕು ದೊರೆಯುತ್ತದೆ.

೨. ‘ನಮೋ ಮರಿಯಾ’: ಎರಡು ಹೊತ್ತಿನ ಕಟ್ಟಡ

ಕಥೋಲಿಕರು ಅತಿ ಹೆಚ್ಚು ಬಾರಿ ಪುನರುಚ್ಚರಿಸುವ ಪ್ರಾರ್ಥನೆ ‘ನಮೋ ಮರಿಯಾ’. ಇದರ ಮೊದಲರ್ಧ ಲೂಕನ ಸುವಾರ್ತೆಯ ಮೊದಲನೆಯ ಅಧ್ಯಾಯದ ಎರಡು ವಂದನೆಗಳ ಜೋಡಣೆ: ಒಂದು ದೇವದೂತ ಗಬ್ರಿಯೇಲನದು, ಇನ್ನೊಂದು ಎಲಿಜಬೇತಳದು. ಗ್ರಂಥದಲ್ಲಿ ಬೇರೆ ಬೇರೆ ಸನ್ನಿವೇಶಗಳಲ್ಲಿ ಬರುವ ಈ ಎರಡು ಮಾತುಗಳು ಪಶ್ಚಿಮ ಯುರೋಪಿನಲ್ಲಿ ಸುಮಾರು ೧೧ನೆಯ ಶತಮಾನದ ವೇಳೆಗೆ ಒಂದು ಭಕ್ತಿಸೂತ್ರವಾಗಿ ಕೂಡಿಕೊಂಡವು. ೧೨ನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸಿನ ಬಿಷಪ್ ಓಡೋ ಇದನ್ನು ಜನರಿಗೆ ಕಲಿಸಬೇಕೆಂದು ತನ್ನ ಪಾದ್ರಿಗಳಿಗೆ ಸೂಚಿಸಿದ. ೧೨೭೩ರಲ್ಲಿ ಥಾಮಸ್ ಅಕ್ವಿನಾಸ್ ಈ ಪ್ರಾರ್ಥನೆಗೆ ವ್ಯಾಖ್ಯಾನ ನೀಡಿದಾಗ ಅವನ ಮುಂದಿದ್ದುದು ವಂದನೆಯ ಭಾಗ ಮಾತ್ರ. ಪಾಪಿಗಳಿಗಾಗಿ ಈಗಲೂ ಮರಣಸಮಯದಲ್ಲಿಯೂ ಬೇಡಿಕೊಳ್ಳಬೇಕೆಂಬ ಉತ್ತರಾರ್ಧ ಆಗ ಸಾರ್ವತ್ರಿಕವಾಗಿರಲಿಲ್ಲ. ೧೫ನೆಯ ಶತಮಾನದಲ್ಲಿ ಅದು ಹಲವು ರೂಪಗಳಲ್ಲಿ ಹರಡಿ, ೧೫೬೮ರ ರೋಮನ್ ಪ್ರಾರ್ಥನಾಗ್ರಂಥದಲ್ಲಿ ಇಂದಿನ ರೂಪ ತಳೆಯಿತು.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ವಂದನೆಯೊಂದು ಬೇಡಿಕೆಯಾಗಿ ಪರಿವರ್ತನೆಗೊಂಡ ರೀತಿ. ಕೇವಲ ಸ್ತುತಿಸುವ ನುಡಿ ಜನರಿಗೆ ಸಾಲಲಿಲ್ಲ. ಸ್ತುತಿಯ ನಂತರ ತಮ್ಮ ಅಳಲನ್ನು ಹೇಳಿಕೊಳ್ಳಲು ಒಂದು ಎಡೆ ಬೇಕಾಯಿತು. ಮರಣದ ಮಾತು ಆ ಎಡೆಯಲ್ಲಿ ಸೇರಿಕೊಂಡುದು ಪ್ಲೇಗಿನಂತಹ ಸಾಂಕ್ರಾಮಿಕಗಳಿಂದ ನಲುಗಿದ ಯುರೋಪಿನ ಮನಃಸ್ಥಿತಿಗೆ ಹೊಂದಿಕೆಯಾಗುತ್ತದೆ. ಎರಡನೆಯದು, ಹೊಸ ಭಾಗ ಕೂಡಿಕೊಂಡುದು ಪಠ್ಯದ ಕೊನೆಯಲ್ಲಿ. ಗ್ರಂಥಮೂಲದ ಮೊದಲರ್ಧವನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಅಂಚಿನಲ್ಲಿ ಸೇರಿಸಲು ಯಾರ ಅಡ್ಡಿಯೂ ಇರಲಿಲ್ಲ. ಶತಮಾನಗಳ ಬಳಿಕ ಅಧಿಕಾರವು ಅದಕ್ಕೆ ಮುದ್ರೆಯೊತ್ತಿತು.

ಪ್ರಭುವಿನ ಪ್ರಾರ್ಥನೆಯೂ ಇದೇ ನಿಯಮಕ್ಕೆ ಸಾಕ್ಷಿಯಾಗಿದೆ. ರಾಜ್ಯ, ಬಲ, ಮಹಿಮೆಗಳು ದೇವರವೇ ಎಂದು ಸಾರುವ ಮುಕ್ತಾಯದ ಘೋಷಣೆ ಮತ್ತಾಯನ ಸುವಾರ್ತೆಯ ಅತಿ ಪ್ರಾಚೀನ ಹಸ್ತಪ್ರತಿಗಳಲ್ಲಿಲ್ಲ. ಆದರೆ ‘ದಿದಾಖೆ’ ಎಂಬ ಆದಿಕಾಲದ ಕ್ರೈಸ್ತ ಕೈಪಿಡಿಯಲ್ಲಿ ಅದರ ಒಂದು ರೂಪವಿದೆ. ಸಭೆಯಲ್ಲಿ ಪಠಿಸುವಾಗ ಮುಕ್ತಾಯವಾಗಿ ಬಂದ ನುಡಿ ಕ್ರಮೇಣ ಹಸ್ತಪ್ರತಿಯೊಳಗೆ ಸೇರಿತು. ಪ್ರಾಟೆಸ್ಟಂಟರು ಅದನ್ನು ಪ್ರಾರ್ಥನೆಯ ಅಂಗವಾಗಿಯೇ ಹೇಳುತ್ತಾರೆ. ಕಥೋಲಿಕರು ಜಪಸರದಲ್ಲಿ ಅದನ್ನು ಹೇಳುವುದಿಲ್ಲ. ಬಲಿಪೂಜೆಯಲ್ಲಿ ಗುರುವಿನ ಮಧ್ಯಂತರ ಪ್ರಾರ್ಥನೆಯ ಬಳಿಕ ಬೇರೆಯಾಗಿ ಹೇಳುತ್ತಾರೆ. ಕನ್ನಡ ಕ್ರೈಸ್ತರಲ್ಲಿ ಒಬ್ಬರು ಯಾವ ಸಭೆಗೆ ಸೇರಿದವರೆಂಬುದನ್ನು ಈ ಪ್ರಾರ್ಥನೆಯ ಕೊನೆಯಿಂದಲೇ ಗುರುತಿಸಬಹುದು.

೩. ಜಪಸರ: ಎಣಿಕೆಯ ತರ್ಕ

ಜಪಸರದ ಹುಟ್ಟು ಅಕ್ಷರಜ್ಞಾನದ ಅಸಮಾನತೆಯೊಂದಿಗೆ ಹೆಣೆದುಕೊಂಡಿದೆ. ಮಠಗಳ ವಿದ್ಯಾವಂತ ಸಂನ್ಯಾಸಿಗಳು ಲತೀನಿನ ೧೫೦ ಕೀರ್ತನೆಗಳನ್ನು ಪಠಿಸುತ್ತಿದ್ದರು. ಓದುಬಾರದ ಸೇವಕ ಸಹೋದರರು ಅವುಗಳ ಬದಲಿಗೆ ಪ್ರಭುವಿನ ಪ್ರಾರ್ಥನೆಯನ್ನು ಅಷ್ಟೇ ಬಾರಿ ಹೇಳುತ್ತಿದ್ದರು. ಎಣಿಕೆಗಾಗಿ ದಾರಕ್ಕೆ ಮಣಿ ಪೋಣಿಸಿಕೊಂಡರು. ಆ ಪ್ರಾರ್ಥನೆಯ ಲತೀನು ಹೆಸರೇ ಮಣಿಸರದ ಹೆಸರೂ ಆಯಿತು. ೧೩ನೆಯ ಶತಮಾನದ ಪ್ಯಾರಿಸಿನಲ್ಲಿ ಇಂತಹ ಮಣಿ ಮಾಡುವವರದೇ ಕಸುಬುದಾರ ಸಂಘಗಳಿದ್ದವು. ಮುಂದೆ ಮರಿಯಳ ವಂದನೆ ಆ ಮಣಿಗಳ ಮೇಲೆ ನೆಲೆಗೊಂಡಿತು. ಸುಮಾರು ೧೪೧೦ರಲ್ಲಿ ಟ್ರಿಯರ್ ಬಳಿಯ ಕಾರ್ತೂಸಿಯನ್ ಮಠದ ಪ್ರಷ್ಯದ ಡೊಮಿನಿಕ್ ಎಂಬಾತ ಯೇಸುವಿನ ಜೀವನಘಟನೆಗಳನ್ನು ಕುರಿತ ೫೦ ಚಿಕ್ಕ ನುಡಿಗಳನ್ನು ಒಂದೊಂದು ವಂದನೆಗೂ ಜೋಡಿಸಿದ. ಇಲ್ಲಿಯೂ ಜೋಡಣೆ ನಡೆದುದು ವಂದನೆಯ ಕೊನೆಯಲ್ಲಿಯೇ.

೧೪೭೦ರ ದಶಕದಲ್ಲಿ ಆಲನ್ ದ ಲಾ ರೋಷ್ ಎಂಬ ಡೊಮಿನಿಕನ್ ಗುರುವಿನ ಉಪದೇಶದಿಂದಲೂ ೧೪೭೫ರಲ್ಲಿ ಕೊಲೋನಿನಲ್ಲಿ ಸ್ಥಾಪಿತವಾದ ಭ್ರಾತೃಸಂಘದಿಂದಲೂ ಈ ಜಪ ವ್ಯಾಪಕವಾಯಿತು. ಮರಿಯಳು ಸ್ವತಃ ಸಂತ ಡೊಮಿನಿಕನಿಗೆ ಜಪಸರವನ್ನು ಕೊಟ್ಟಳೆಂಬ ಕಥೆ ಪ್ರಚಾರಕ್ಕೆ ಬಂದುದೂ ಆಲನ್‌ನ ಬರಹಗಳಿಂದಲೇ. ಡೊಮಿನಿಕನು ತೀರಿಕೊಂಡು ಎರಡೂವರೆ ಶತಮಾನ ಕಳೆದಿತ್ತು. ೨೦ನೆಯ ಶತಮಾನದ ಆರಂಭದಲ್ಲಿ ಹರ್ಬರ್ಟ್ ಥರ್ಸ್ಟನ್ ಎಂಬ ಯೇಸುಸಭೆಯ ವಿದ್ವಾಂಸನೇ ಈ ಕಥೆಗೆ ಸಮಕಾಲೀನ ಆಧಾರವಿಲ್ಲವೆಂದು ವಾದಿಸಿದ. ಚರಿತ್ರಕಾರನಿಗೆ ಇದು ನಿರಾಧಾರ ಕಥೆ. ಜಾನಪದ ವಿದ್ವಾಂಸನಿಗೆ ಅಷ್ಟಕ್ಕೆ ನಿಲ್ಲಿಸಲು ಬರುವುದಿಲ್ಲ. ಕರ್ತೃವಿಲ್ಲದೆ ಬೆಳೆದ ಸಾಮೂಹಿಕ ಆಚರಣೆಗೆ ಒಬ್ಬ ದಾತಾರನನ್ನು ಕಲ್ಪಿಸಿಕೊಡುವುದು ಪುರಾಣದ ಕೆಲಸ. ಕ್ಷೇತ್ರಪುರಾಣಗಳು ಊರಿನ ಉತ್ಸವಕ್ಕೆ ಒಬ್ಬ ಮೂಲಪುರುಷನನ್ನು ಒದಗಿಸುವಂತೆ ಈ ಕಥೆ ಜಪಸರಕ್ಕೆ ಸ್ವರ್ಗೀಯ ಮೂಲವನ್ನು ಒದಗಿಸಿತು.

೧೫೬೯ರಲ್ಲಿ ಐದನೆಯ ಪಿಯುಸ್ ಪೋಪರು ೧೫ ರಹಸ್ಯಗಳ ಜಪಸರಕ್ಕೆ ಅಧಿಕೃತ ರೂಪ ಕೊಟ್ಟರು. ೧೯೧೭ರ ಫಾತಿಮಾ ಘಟನೆಗಳ ನಂತರ ಪ್ರತಿ ಹತ್ತು ವಂದನೆಗಳ ಗುಚ್ಛದ ಕೊನೆಗೆ ಇನ್ನೊಂದು ಕಿರುಪ್ರಾರ್ಥನೆ ಸೇರಿತು. ೨೦೦೨ರ ಅಕ್ಟೋಬರ್ ೧೬ರಂದು ಎರಡನೆಯ ಜಾನ್ ಪಾಲ್ ಪೋಪರು ಐದು ‘ಬೆಳಕಿನ ರಹಸ್ಯ’ಗಳನ್ನು ಐಚ್ಛಿಕವಾಗಿ ಸೇರಿಸಿದರು. ಇದರಿಂದ ವಂದನೆಗಳ ಒಟ್ಟು ಎಣಿಕೆ ೧೫೦ರಿಂದ ೨೦೦ಕ್ಕೇರಿತು. ಕೀರ್ತನೆಗಳ ಸಂಖ್ಯೆಯೊಂದಿಗಿದ್ದ ಪ್ರಾಚೀನ ಹೊಂದಾಣಿಕೆ ಮುರಿಯಿತು. ಸಂಪ್ರದಾಯನಿಷ್ಠರ ಆಕ್ಷೇಪ ಬಂದುದು ಹೊಸ ವಸ್ತುವಿಗಿಂತ ಹೆಚ್ಚಾಗಿ ಈ ಎಣಿಕೆಯ ವಿಷಯದಲ್ಲಿ ಎಂಬುದು ಅರ್ಥಪೂರ್ಣ. ಮೌಖಿಕ ಪರಂಪರೆಯಲ್ಲಿ ಸಂಖ್ಯೆಯೇ ಪಠ್ಯದ ಬೆನ್ನೆಲುಬು. ಮಾತು ಬದಲಾದರೂ ಸಹಿಸುವ ಸಮುದಾಯ ಎಣಿಕೆ ಬದಲಾದರೆ ಸಹಿಸುವುದು ಕಷ್ಟ.

೪. ಸೇರುವುದು, ಬಿಡುವುದು, ಹಾಗೆಯೇ ಉಳಿಯುವುದು

ಪಟ್ಟಿಯ ರೂಪದ ಪ್ರಾರ್ಥನೆಗಳ ನಡೆ ಬೇರೆ. ೧೫೮೭ರಲ್ಲಿ ಮನ್ನಣೆ ಪಡೆದ ಲೊರೆಟೋ ಸ್ತುತಿಮಾಲೆಯಲ್ಲಿ ಮರಿಯಳ ಬಿರುದುಗಳು ಸಾಲಾಗಿ ಬರುತ್ತವೆ. ಮೊದಲನೆಯ ಮಹಾಯುದ್ಧದ ನಡುವೆ, ೧೯೧೭ರಲ್ಲಿ, ಶಾಂತಿಯ ರಾಣಿ ಎಂಬ ಬಿರುದು ಸೇರಿತು. ೧೯೯೫ರಲ್ಲಿ ಕುಟುಂಬಗಳ ರಾಣಿ ಎಂಬುದು. ೨೦೨೦ರ ಜೂನ್‌ನಲ್ಲಿ ಫ್ರಾನ್ಸಿಸ್ ಪೋಪರ ಇಚ್ಛೆಯಂತೆ ಕರುಣೆ, ಭರವಸೆ ಮತ್ತು ವಲಸಿಗರ ಸಾಂತ್ವನ ಎಂಬ ಮೂರು. ಸಹಸ್ರನಾಮ, ಅಷ್ಟೋತ್ತರಗಳನ್ನು ಬಲ್ಲ ಕನ್ನಡ ಓದುಗರಿಗೆ ಈ ರಚನೆ ಅಪರಿಚಿತವಲ್ಲ. ಇಲ್ಲಿ ಎರಡು ನಾಮಗಳ ನಡುವಿನ ಪ್ರತಿ ಸಂಧಿಯೂ ಒಂದು ಅಂಚು. ಆದ್ದರಿಂದ ನಡುವೆಯೇ ಸೇರ್ಪಡೆ ಸಾಧ್ಯ. ಪ್ರತಿ ಸೇರ್ಪಡೆಯೂ ಒಂದು ಕಾಲದ ಸಂಕಟದ ಗುರುತು. ಮಳೆ ಕೈಕೊಟ್ಟ ವರ್ಷ ಮುಂಡರಗಿ, ಶಿರಹಟ್ಟಿಗಳಿಂದ ಗೋವೆ, ಮಂಗಳೂರಿನತ್ತ ಗುಳೆ ಹೋಗುವವರನ್ನು ಕಂಡ ಸೀಮೆಯಲ್ಲಿ ‘ವಲಸಿಗರ ಸಾಂತ್ವನ’ ಎಂಬ ನಾಮ ದೂರದ ರೋಮಿನ ಆಜ್ಞೆಯಾಗಿ ಮಾತ್ರ ಕೇಳಿಸಲಾರದು.

ಸೇರ್ಪಡೆಯಷ್ಟೇ ಬಿಡುವಿಕೆಯೂ ಚಾರಿತ್ರಿಕ. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯಹೂದ್ಯರನ್ನು ಕುರಿತು ಬಳಕೆಯಲ್ಲಿದ್ದ ನಿಂದಾತ್ಮಕ ವಿಶೇಷಣವನ್ನು ೧೯೫೯ರಲ್ಲಿ ೨೩ನೆಯ ಜಾನ್ ಪೋಪರು ತೆಗೆಸಿದರು. ೧೯೭೦ರಲ್ಲಿ ಇಡೀ ಪ್ರಾರ್ಥನೆಯೇ ಹೊಸದಾಗಿ ರಚಿತವಾಯಿತು. ಭಕ್ತಿಪಠ್ಯ ಪ್ರಾಚೀನವೆಂಬ ಒಂದೇ ಕಾರಣಕ್ಕೆ ಅದರೊಳಗಿನ ದ್ವೇಷವೂ ಪವಿತ್ರವಾಗಲಾರದೆಂಬ ವಿವೇಕ ಇದರ ಹಿಂದಿದೆ. ಈ ಬದಲಾವಣೆ ಅಂಚಿನದಲ್ಲ, ಒಡಲಿನದು. ಅದಕ್ಕೆಂದೇ ಅದಕ್ಕೆ ಒಂದು ಮಹಾಯುದ್ಧದ, ಒಂದು ನರಮೇಧದ ಒತ್ತಡ ಬೇಕಾಯಿತು.

ಪಠ್ಯ ಅಕ್ಷರಶಃ ಉಳಿದು ಉದ್ದೇಶ ಬದಲಾಗುವುದು ಮೂರನೆಯ ಬಗೆ. ೧೮೮೪ರಲ್ಲಿ ೧೩ನೆಯ ಲಿಯೋ ಪೋಪರು ಪೂಜೆಯ ಕೊನೆಗೆ ಮೊಣಕಾಲೂರಿ ಹೇಳಬೇಕಾದ ಪ್ರಾರ್ಥನೆಗಳನ್ನು ಎಲ್ಲೆಡೆ ವಿಧಿಸಿದರು. ರಾಜ್ಯ ಕಳೆದುಕೊಂಡ ಪೋಪರ ಸಂಕಷ್ಟ ಅದರ ಹಿನ್ನೆಲೆ. ಆ ಪ್ರಶ್ನೆ ೧೯೨೯ರ ಒಪ್ಪಂದದಿಂದ ಇತ್ಯರ್ಥವಾದ ಮೇಲೂ ಪ್ರಾರ್ಥನೆ ನಿಲ್ಲಲಿಲ್ಲ; ೧೯೩೦ರಲ್ಲಿ ಅದನ್ನೇ ರಷ್ಯಾದ ಜನರಿಗಾಗಿ ಸಲ್ಲಿಸಬೇಕೆಂದು ನಿರ್ದೇಶಿಸಲಾಯಿತು. ೧೯೬೫ರಲ್ಲಿ ಅದು ಪೂಜಾಕ್ರಮದಿಂದ ಬಿಟ್ಟುಹೋಯಿತು. ಮಾತು ಅದೇ, ಸಂದರ್ಭ ಬೇರೆ ಎಂಬ ಜಾನಪದ ಸಿದ್ಧಾಂತಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಅಪರೂಪ.

೫. ಕನ್ನಡದೊಳಗೆ

ಭಾರತದಲ್ಲಿ ಈ ಪ್ರಾರ್ಥನೆಗಳು ಮೊದಲು ಹರಡಿದುದು ಓದಿನಿಂದಲ್ಲ, ಬಾಯಿಪಾಠದಿಂದ. ೧೫೪೨ರಿಂದ ೧೫೪೪ರವರೆಗೆ ಮುತ್ತಿನ ಕರಾವಳಿಯಲ್ಲಿ ಫ್ರಾನ್ಸಿಸ್ ಝೇವಿಯರ್ ದುಭಾಷಿಗಳ ನೆರವಿನಿಂದ ಮೂಲ ಪ್ರಾರ್ಥನೆಗಳನ್ನು ತಮಿಳಿಗೆ ತಿರುಗಿಸಿ, ಮಕ್ಕಳಿಗೆ ಕಂಠಪಾಠ ಮಾಡಿಸಿ, ಅವರು ಮನೆಯ ಹಿರಿಯರಿಗೆ ಕಲಿಸುವಂತೆ ಏರ್ಪಡಿಸಿದ. ೧೬೧೬ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸ್‌ನ ಕ್ರಿಸ್ತಪುರಾಣ ಓವಿ ಛಂದಸ್ಸಿನ ಹಾಡುಗಬ್ಬ. ಅವನ ವ್ಯಾಕರಣದ ಹೆಸರಿನಲ್ಲಿ ಬರುವ ‘ಕಾನಾರಿಂ’ ಎಂಬ ಪದ ಕೊಂಕಣಿಯನ್ನು ಸೂಚಿಸುತ್ತದೆಯೇ ಹೊರತು ಕನ್ನಡವನ್ನಲ್ಲ. ಈ ಹೆಸರಿನ ಗೊಂದಲದಿಂದ ಕನ್ನಡ ಕ್ರೈಸ್ತ ಸಾಹಿತ್ಯದ ಪ್ರಾಚೀನತೆಯನ್ನು ತಪ್ಪಾಗಿ ನಿರ್ಧರಿಸುವ ಅಪಾಯವಿದೆ. ೧೭ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣದಲ್ಲಿ ನೆಲೆಸಿದ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಕನ್ನಡದಲ್ಲಿ ಧರ್ಮೋಪದೇಶದ ಬರಹಗಳನ್ನು ರಚಿಸಿದ. ಉತ್ತರದಲ್ಲಿ ಮುದಗಲ್ಲಿನ ಕಥೋಲಿಕ ಸಮುದಾಯದ ಬೇರುಗಳು ಆದಿಲ್‌ಶಾಹಿಗಳ ಕಾಲದವು.

ಗದಗ ಸೀಮೆಗೆ ಬಂದರೆ ಚಿತ್ರ ಬೇರೆಯಾಗಿದೆ. ಇಲ್ಲಿ ಕ್ರೈಸ್ತ ಪ್ರಾರ್ಥನೆಯ ಭಾಷೆಯನ್ನು ಮೊದಲು ಗಟ್ಟಿಗೊಳಿಸಿದವರು ಪ್ರಾಟೆಸ್ಟಂಟರಾದ ಬಾಸೆಲ್ ಮಿಷನ್ನಿನವರು. ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ ಎಂಬ ಕ್ರಮದಲ್ಲಿ ಅವರ ಠಾಣ್ಯಗಳು ನೆಲೆಗೊಂಡವು. ನೇಕಾರರ ಊರಾದ ಬೆಟಗೇರಿಯಲ್ಲಿ ಕನ್ನಡದ ಪ್ರಾರ್ಥನೆ ಕೇಳಿಬರುತ್ತಿದ್ದಾಗ ಕಥೋಲಿಕ ಪೂಜೆಯ ಭಾಷೆ ಇನ್ನೂ ಲತೀನಾಗಿತ್ತು. ಬೆಳಗಾವಿ ಧರ್ಮಪ್ರಾಂತ್ಯ ೧೯೫೩ರಲ್ಲಿ ಸ್ಥಾಪಿತವಾಯಿತು. ಗದಗ ಸೀಮೆ ಅದರ ವ್ಯಾಪ್ತಿಯಲ್ಲಿದೆ. ೧೯೬೩ರ ಡಿಸೆಂಬರ್ ೪ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನಾವಿಧಿಯ ಸಂವಿಧಾನವನ್ನು ಹೊರಡಿಸಿ ದೇಶಭಾಷೆಗಳಿಗೆ ಬಾಗಿಲು ತೆರೆದ ನಂತರವೇ ಕನ್ನಡ ಬಲಿಪೂಜೆಯ ಭಾಷೆಯಾಯಿತು. ಹೀಗಾಗಿ ಒಂದೇ ಪ್ರಾರ್ಥನೆಗೆ ಕನ್ನಡದಲ್ಲಿ ಎರಡು ಪರಂಪರೆಗಳು ಉಂಟಾದವು.

ಈ ಎರಡು ಪರಂಪರೆಗಳ ಅಂತರ ಸರ್ವನಾಮದಲ್ಲಿ ಎದ್ದುಕಾಣುತ್ತದೆ. ಪ್ರಾಟೆಸ್ಟಂಟರ ಪ್ರಭುವಿನ ಪ್ರಾರ್ಥನೆ ದೇವರನ್ನು ‘ನೀನು’ ಎನ್ನುತ್ತದೆ, ಅವನ ನೆಲೆಯನ್ನು ‘ಪರಲೋಕ’ ಎನ್ನುತ್ತದೆ. ಕಥೋಲಿಕರ ಇಂದಿನ ರೂಪ ‘ನೀವು’ ಎನ್ನುತ್ತದೆ, ‘ಸ್ವರ್ಗ’ ಎನ್ನುತ್ತದೆ. ಹಳೆಯ ಬೈಬಲ್ ಭಾಷಾಂತರದಲ್ಲಿ ಯೇಸು ‘ಹೇಳಿದನು’. ಸರಳ ಭಾಷೆಯ ಹೊಸ ಭಾಷಾಂತರದಲ್ಲಿ ‘ಹೇಳಿದರು’. ಅಲ್ಲಿ ‘ಯೆಹೋವ’ನಾಗಿದ್ದವನು ಇಲ್ಲಿ ‘ಸರ್ವೇಶ್ವರ’. ಲತೀನಿನಲ್ಲಿ ದೇವರಿಗೆ ಏಕವಚನವೇ ಸಂಬೋಧನೆ. ಅಲ್ಲಿ ಗೌರವ ಬಹುವಚನದ ಪ್ರಶ್ನೆಯೇ ಹುಟ್ಟಿರಲಿಲ್ಲ. ಕನ್ನಡಕ್ಕೆ ಬಂದಾಗ ಅನುವಾದಕನು ಆಯ್ಕೆ ಮಾಡಲೇಬೇಕಾಯಿತು. ಪಠ್ಯದ ಒಡಲನ್ನೇ ಮುಟ್ಟುವ ಈ ಬದಲಾವಣೆಗೆ ಯಾವ ಮಹಾಸಭೆಯೂ ಚರ್ಚೆ ನಡೆಸಲಿಲ್ಲ. ಅಂಚಿಗೆ ಒಂದು ನುಡಿ ಸೇರಿದರೆ ಗದ್ದಲವಾಗುವ ಲೋಕದಲ್ಲಿ ಒಡಲಿನ ಸರ್ವನಾಮ ಸದ್ದಿಲ್ಲದೆ ಬದಲಾಗುತ್ತದೆ ಎಂಬುದು ಅನುವಾದದ ವಿಶೇಷ.

ಇದಕ್ಕೆ ಯುರೋಪಿನಲ್ಲಿ ವಿರುದ್ಧ ದಿಕ್ಕಿನ ಉದಾಹರಣೆಯಿದೆ. ಫ್ರೆಂಚ್ ಕಥೋಲಿಕರು ಪ್ರಭುವಿನ ಪ್ರಾರ್ಥನೆಯಲ್ಲಿ ಬಹುಕಾಲ ಗೌರವ ಬಹುವಚನ ಬಳಸುತ್ತಿದ್ದರು, ಪ್ರಾಟೆಸ್ಟಂಟರು ಏಕವಚನ. ೧೯೬೬ರಲ್ಲಿ ಎಲ್ಲ ಸಭೆಗಳಿಗೂ ಸಮಾನವಾದ ರೂಪ ಬಂದಾಗ ಕಥೋಲಿಕರು ಏಕವಚನಕ್ಕೆ ಬಂದರು. ಮರಿಯಳ ವಂದನೆಯಲ್ಲಿ ಮಾತ್ರ ಬಹುವಚನ ಉಳಿಯಿತು. ಇಂಗ್ಲಿಷಿನಲ್ಲಿ ಇನ್ನೂ ವಿಚಿತ್ರ ಸಂಗತಿ ನಡೆಯಿತು: ಒಂದು ಕಾಲಕ್ಕೆ ಆಪ್ತ ಏಕವಚನವಾಗಿದ್ದ ರೂಪ ದಿನಬಳಕೆಯಿಂದ ಮರೆಯಾಗಿ, ಪ್ರಾರ್ಥನೆಯಲ್ಲಿ ಮಾತ್ರ ಉಳಿದು, ಇಂದು ಘನವಾದ ಗೌರವದ ನುಡಿಯಂತೆ ಕೇಳಿಸುತ್ತದೆ. ಬದಲಾಗದೆ ಉಳಿಯುವುದೂ ಅರ್ಥ ಬದಲಾಗುವ ಒಂದು ಮಾರ್ಗ.

ಗದಗ ಸೀಮೆಯ ಕಿವಿಗೆ ‘ನೀನು’ ಹೇಗೆ ಕೇಳಿಸುತ್ತದೆ? ವಚನಕಾರರು ತಮ್ಮ ಇಷ್ಟದೈವವನ್ನು ಏಕವಚನದಲ್ಲಿ ಕರೆದರು, ಜಗಳವಾಡಿದರು, ಹಂಗಿಸಿದರು. ದ್ಯಾಮವ್ವ, ಎಲ್ಲಮ್ಮರ ಹಾಡುಗಳಲ್ಲಿ ತಾಯಿಗೆ ‘ನೀ’ ಎಂಬುದೇ ಸಹಜ. ಇಂತಹ ಪರಿಸರದಲ್ಲಿ ಏಕವಚನ ಅಗೌರವವಲ್ಲ, ಅದು ಸಲಿಗೆಯ ಹಕ್ಕು. ‘ನೀವು’ ಎಂಬುದರಲ್ಲಿ ಶಾಲೆ, ಕಚೇರಿ, ಸಭ್ಯ ಸಮಾಜದ ಶಿಷ್ಟಾಚಾರವಿದೆ. ಹಾಗೆಂದು ಕಥೋಲಿಕ ಅನುವಾದ ದೋಷಪೂರ್ಣವೆಂದು ತೀರ್ಮಾನಿಸುವುದು ಆತುರವಾದೀತು. ಶತಮಾನಗಳಿಂದ ಏಕವಚನದಲ್ಲಿ ಕರೆಯಿಸಿಕೊಳ್ಳುತ್ತ ಬಂದ ಸಮುದಾಯಗಳಿಗೆ ಬಹುವಚನದ ಮರ್ಯಾದೆಯೇ ಒಂದು ಗಳಿಕೆ. ತಮ್ಮ ದೇವರಿಗೂ ಅದು ಸಲ್ಲಬೇಕೆಂಬ ಹಂಬಲ ಸಹಜ. ಸರ್ವನಾಮದ ಆಯ್ಕೆಯಲ್ಲಿ ದೇವತಾಶಾಸ್ತ್ರದಷ್ಟೇ ಸಮಾಜದ ಶ್ರೇಣಿಯೂ ಮಾತನಾಡುತ್ತದೆ.

ಪಾರಿಭಾಷಿಕ ಪದಗಳಲ್ಲಿಯೂ ಇದೇ ಬಗೆಯ ಒಳಧ್ವನಿಗಳಿವೆ. ಕಥೋಲಿಕರು ದೇವಕೃಪೆಗೆ ‘ವರಪ್ರಸಾದ’ ಎಂಬ ಪದವನ್ನು ನೆಲೆಗೊಳಿಸಿದರು, ಪ್ರಾಟೆಸ್ಟಂಟರು ‘ಕೃಪೆ’ಯನ್ನು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದಾಗಿರುವ ಲಿಂಗಾಯತ ಪರಿಸರದಲ್ಲಿ ‘ಪ್ರಸಾದ’ ಎಂಬುದು ಕೈಗೆ ಬರುವ, ಬಾಯಿಗೆ ಹೋಗುವ ವಸ್ತು. ಅದೃಶ್ಯವಾದ ಕೃಪೆಗೆ ಈ ಪದ ಸ್ಪರ್ಶಗುಣವನ್ನು ತಂದುಕೊಟ್ಟಿದೆ. ‘ಬಲಿಪೂಜೆ’ ಎಂಬ ಸಮಾಸ ಇನ್ನೂ ಸೂಕ್ಷ್ಮ. ದ್ಯಾಮವ್ವನ ಜಾತ್ರೆಯ ಕೋಣನ ಬಲಿಯ ನೆನಪಿರುವ, ಅದನ್ನು ೧೯೫೯ರ ಕಾಯ್ದೆ ನಿಷೇಧಿಸಿದುದನ್ನೂ ಶರಣಧರ್ಮ ಬಲಿಯನ್ನು ನಿರಾಕರಿಸಿದುದನ್ನೂ ಬಲ್ಲ ಪ್ರದೇಶದಲ್ಲಿ ‘ಬಲಿ’ ಎಂಬುದು ನಿರಪಾಯದ ಪದವಲ್ಲ. ಅನುವಾದಕರು ಮೂಲದ ತ್ಯಾಗಾರ್ಥವನ್ನು ಉಳಿಸಿಕೊಳ್ಳಲು ಆ ಅಪಾಯವನ್ನು ಎದುರುಹಾಕಿಕೊಂಡರು.

ಛಂದಸ್ಸಿನ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ಪರಿಗಣಿಸಿದವರಲ್ಲಿ ಫರ್ಡಿನೆಂಡ್ ಕಿಟ್ಟೆಲ್ ಪ್ರಮುಖ. ೧೮೬೨ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿಗೆ ಅಳವಡಿಸಿದ ಅವನು ೧೮೭೫ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿದ. ಜರ್ಮನ್ ಧಾಟಿಗೆ ಕನ್ನಡ ಪದಗಳನ್ನು ಎಳೆದು ಕೂರಿಸಿದರೆ ಹ್ರಸ್ವ ದೀರ್ಘಗಳು ಕೆಡುತ್ತವೆ. ಕವಿರಾಜಮಾರ್ಗ ಗುರುತಿಸಿದ ತಿರುಳ್ಗನ್ನಡದ ನಾಡಿನಲ್ಲಿ ಪುಲಿಗೆರೆ, ಎಂದರೆ ಇಂದಿನ ಲಕ್ಷ್ಮೇಶ್ವರ, ಒಂದು ಎಲ್ಲೆ. ಅಂತಹ ನೆಲದಲ್ಲಿ ಪ್ರಾರ್ಥನೆ ನೆಲೆಯೂರಬೇಕಾದರೆ ಅರ್ಥದ ಅನುವಾದ ಸಾಲದು, ಲಯದ ಅನುವಾದವೂ ಬೇಕು.

೬. ನೆರೆಯ ಪಠ್ಯಗಳು ಮತ್ತು ಅಧಿಕಾರದ ಪ್ರಶ್ನೆ

ಈ ಸೀಮೆಯ ಇತರ ಭಕ್ತಿಪಠ್ಯಗಳೂ ಅಂಚಿನ ನಿಯಮವನ್ನು ಪಾಲಿಸುತ್ತವೆ. ಶಿಶುನಾಳ ಶರೀಫರ (೧೮೧೯–೧೮೮೯) ತತ್ತ್ವಪದಗಳು ಭಜನಾಮೇಳಗಳಲ್ಲಿ ಹಲವು ಪಾಠಾಂತರಗಳೊಂದಿಗೆ ಹಾಡಲ್ಪಡುತ್ತವೆ. ನಡುವಿನ ನುಡಿಗಳ ಅನುಕ್ರಮ ಹೆಚ್ಚುಕಡಿಮೆಯಾದರೂ ಕೊನೆಯ ಅಂಕಿತ ಕರ್ತೃವನ್ನು ಕಾಯುತ್ತದೆ. ಗದುಗಿನ ವೀರನಾರಾಯಣನ ಹೆಸರು ಕುಮಾರವ್ಯಾಸನ ಕಾವ್ಯದ ಸಂಧಿಸ್ಥಾನಗಳಲ್ಲಿ ಕಾವಲು ನಿಂತಿದೆ. ಮೊಹರಮ್ಮಿನ ಪದಗಳಲ್ಲಿ ಹಸನ್ ಹುಸೇನರ ಹೆಸರುಗಳು ಕನ್ನಡದ ಧ್ವನಿನಿಯಮಕ್ಕೆ ಒಗ್ಗಿಕೊಂಡು, ಮುಸ್ಲಿಮೇತರ ಹಾಡುಗಾರರ ಬಾಯಲ್ಲಿ ಪಲ್ಲವಿಗಳಾಗಿವೆ. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲಿಯೇ ಎರಡು ಧರ್ಮಗಳ ಪದಗಳು ಸಂಧಿಯಾಗಿವೆ. ೧೫-೧೬ನೆಯ ಶತಮಾನಗಳಲ್ಲಿ ಶೂನ್ಯಸಂಪಾದನೆ ನಾಲ್ಕು ಬಾರಿ ಪರಿಷ್ಕೃತವಾಯಿತು. ವಚನಗಳು ಹಳೆಯವು, ಅವುಗಳನ್ನು ಪೋಣಿಸಿದ ಕ್ರಮ ಹೊಸತು. ಮಣಿಗಳನ್ನು ಬದಲಿಸದೆ ಸರವನ್ನು ಬದಲಿಸುವ ಈ ವಿಧಾನ ಜಪಸರದ ರಹಸ್ಯಗಳ ಮರುಹಂಚಿಕೆಯನ್ನು ನೆನಪಿಸುತ್ತದೆ.

ಅಂಚು ಮೃದುವಾದ ಸ್ಥಳ ಮಾತ್ರವಲ್ಲ, ವಿವಾದದ ಸ್ಥಳವೂ ಹೌದು. ಮಾತೆ ಮಹಾದೇವಿಯವರ ‘ವಚನ ದೀಪ್ತಿ’ಯಲ್ಲಿ ಬಸವಣ್ಣನವರ ವಚನಗಳ ‘ಕೂಡಲಸಂಗಮದೇವ’ ಅಂಕಿತದ ಬದಲು ‘ಲಿಂಗದೇವ’ ಎಂದು ಬಳಸಿದುದು ತೀವ್ರ ವಿರೋಧಕ್ಕೆ ಗುರಿಯಾಯಿತು. ೧೯೯೮ರಲ್ಲಿ ರಾಜ್ಯ ಸರಕಾರ ಪುಸ್ತಕದ ಮುಟ್ಟುಗೋಲಿಗೆ ಆದೇಶಿಸಿತು. ೨೦೧೭ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಮೌಖಿಕವಾಗಿ ವಚನ ಹಾಡುವವರು ನಡುವಿನ ಪದ ಬದಲಿಸಿದಾಗ ಯಾರೂ ನ್ಯಾಯಾಲಯಕ್ಕೆ ಹೋಗುವುದಿಲ್ಲ. ಅಂಕಿತ ಬದಲಾದಾಗ ಹೋಗುತ್ತಾರೆ. ಏಕೆಂದರೆ ಪಠ್ಯ ಯಾರದು, ಯಾರಿಗೆ ಸಲ್ಲುತ್ತದೆ ಎಂಬುದು ಅಲ್ಲಿ ದಾಖಲಾಗಿರುತ್ತದೆ. ರೋಮಿನಲ್ಲಿ ಪೋಪರ ಆಜ್ಞೆ ಮಾಡುವ ಕೆಲಸವನ್ನು ಇಲ್ಲಿ ಸರಕಾರ ಮತ್ತು ನ್ಯಾಯಾಲಯ ಮಾಡಿದವು.

ಆದರೆ ಸಾದೃಶ್ಯವನ್ನು ಅತಿಯಾಗಿ ಎಳೆಯಬಾರದು. ವಚನಕ್ಕೆ ಗೊತ್ತಿರುವ ಕರ್ತೃವಿದ್ದಾನೆ; ‘ನಮೋ ಮರಿಯಾ’ದ ಉತ್ತರಾರ್ಧಕ್ಕೆ ಇಲ್ಲ. ಕರ್ತೃವಿರುವ ಪಠ್ಯದಲ್ಲಿ ಅಂಕಿತ ಬದಲಿಸುವುದು ಒಬ್ಬರ ಮಾತನ್ನು ಇನ್ನೊಬ್ಬರದಾಗಿಸುವುದು. ಕರ್ತೃವಿಲ್ಲದ ಪಠ್ಯದಲ್ಲಿ ಸೇರ್ಪಡೆ ಮಾಡುವುದು ಸಮುದಾಯವು ತನ್ನದೇ ಮಾತನ್ನು ಮುಂದುವರಿಸುವುದು. ಎರಡನ್ನೂ ‘ಪ್ರಕ್ಷೇಪ’ ಎಂಬ ಒಂದೇ ಪದದಿಂದ ಕರೆಯುವ ಗ್ರಂಥಸಂಪಾದನೆಯ ರೂಢಿ ಭಕ್ತಿಪಠ್ಯಗಳ ಅಧ್ಯಯನಕ್ಕೆ ಸಾಲದು. ಅಲ್ಲದೆ ಸ್ಥಿರಪಾಠಕ್ಕೂ ತನ್ನದೇ ಸಮರ್ಥನೆಯಿದೆ. ನೂರಾರು ಜನ ಒಕ್ಕೊರಲಿನಿಂದ ಹೇಳಬೇಕಾದ ಪ್ರಾರ್ಥನೆ ಒಂದೇ ಆಗಿರಬೇಕು. ಊರು ಬಿಟ್ಟು ಊರಿಗೆ ಹೋದವನು ಅಪರಿಚಿತ ಗುಡಿಯಲ್ಲಿ ಬಾಯಿ ತೆರೆದೊಡನೆ ತನ್ನವರನ್ನು ಕಂಡುಕೊಳ್ಳಬೇಕು. ೨೦೧೭ರ ಡಿಸೆಂಬರ್‌ನಲ್ಲಿ ಫ್ರೆಂಚರು ಶೋಧನೆಯನ್ನು ಕುರಿತ ಬೇಡಿಕೆಯ ಮಾತನ್ನು ಬದಲಿಸಿದಾಗ, ಅರ್ಥ ಹೆಚ್ಚು ಸಮರ್ಪಕವಾಯಿತೆಂದವರಿದ್ದಂತೆ, ಅಜ್ಜಿಯಿಂದ ಕಲಿತ ಮಾತು ಕೈಜಾರಿತೆಂದು ನೊಂದವರೂ ಇದ್ದರು. ಜಾನಪದ ವಿದ್ವಾಂಸನು ಈ ನೋವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ.

೭. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಭಕ್ತಿಪಠ್ಯ ಸಾಮಾನ್ಯವಾಗಿ ತನ್ನ ಅಂಚುಗಳಲ್ಲಿ ಬೆಳೆಯುತ್ತದೆ. ಮುಕ್ತಾಯ, ಸಂಧಿ, ಅಂಕಿತಗಳು ಅದರ ಚಿಗುರುವ ಗಿಣ್ಣುಗಳು. ಎರಡು, ಒಡಲು ಬದಲಾಗುವುದು ತೀವ್ರ ಚಾರಿತ್ರಿಕ ಒತ್ತಡದಿಂದ, ಇಲ್ಲವೇ ಅನುವಾದದಿಂದ. ಎರಡನೆಯದು ಹೆಚ್ಚಿನವರ ಗಮನಕ್ಕೆ ಬಾರದೆ ನಡೆಯುತ್ತದೆ. ಮೂರು, ಜನರ ಆಚರಣೆ ಮೊದಲು, ಅಧಿಕಾರದ ಮುದ್ರೆ ನಂತರ ಎಂಬುದು ಬಹುಪಾಲು ಸಂದರ್ಭಗಳ ಕ್ರಮ. ೨೦೦೨ ಮತ್ತು ೨೦೨೦ರ ಸೇರ್ಪಡೆಗಳಲ್ಲಿ ಈ ಕ್ರಮ ತಿರುಗುಮುರುಗಾಗಿದೆ. ಮೇಲಿನಿಂದ ಬಂದ ಇಂತಹ ಸೇರ್ಪಡೆಗಳು ಮನೆಮನೆಯ ಜಪದಲ್ಲಿ ಬೇರೂರಿದವೇ ಎಂಬುದು ಆಜ್ಞೆಯನ್ನು ಓದಿ ತಿಳಿಯುವ ಸಂಗತಿಯಲ್ಲ; ಜಪವನ್ನು ಕೇಳಿ ತಿಳಿಯಬೇಕಾದುದು.

ಇಲ್ಲಿಯೇ ಕನ್ನಡ ಜಾನಪದ ಸಂಶೋಧನೆಯ ಹೊಣೆ ಎದುರಾಗುತ್ತದೆ. ಅಚ್ಚಾದ ಪ್ರಾರ್ಥನಾ ಪುಸ್ತಕಗಳು ಗ್ರಂಥಾಲಯಗಳಲ್ಲಿ ಉಳಿದಾವು. ಹಿರಿಯರ ಬಾಯಲ್ಲಿರುವ ಹಳೆಯ ಪಾಠಗಳು ಉಳಿಯಲಾರವು. ಹೊಸ ಪರಿಷ್ಕರಣ ಬಂದಾಗಲೆಲ್ಲ ಹಿಂದಿನ ರೂಪವನ್ನು ‘ತಪ್ಪು’ ಎಂದು ತಿದ್ದುವ ಉತ್ಸಾಹದಲ್ಲಿ ಅವು ಕಣ್ಮರೆಯಾಗುತ್ತವೆ. ಗದಗ-ಬೆಟಗೇರಿಯಂತಹ ಕಡೆ ಬಾಸೆಲ್ ಪರಂಪರೆಯ ‘ನೀನು’ ಮತ್ತು ಕಥೋಲಿಕ ಪರಂಪರೆಯ ‘ನೀವು’ ಒಂದೇ ಪೇಟೆಯ ಪರಿಸರದಲ್ಲಿ, ತೋಂಟದಾರ್ಯ ಮಠದ ವಚನಪ್ರಸಾರ ಹಾಗೂ ಮೊಹರಮ್ಮಿನ ಪದಗಳ ನೆರೆಯಲ್ಲಿ ಪಠಿತವಾಗುತ್ತವೆ. ಪ್ರಾರ್ಥನೆಯ ಪಠ್ಯದೊಂದಿಗೆ ಅದನ್ನು ಹೇಳುವವರ ವಯಸ್ಸು, ಮನೆಮಾತು, ಕಲಿತ ಮೂಲ, ಹೇಳುವ ಹೊತ್ತು, ರಾಗ, ಮರೆತುಹೋಗುವ ಸ್ಥಳ ಇವೆಲ್ಲವನ್ನೂ ದಾಖಲಿಸಬೇಕಾಗಿದೆ. ರಿವಾಯತ್ ಪದಕ್ಕೆ ಸಲ್ಲುವ ಈ ಗೌರವ ಜಪಸರಕ್ಕೂ ಸಲ್ಲಬೇಕು. ಅದು ಅನುವಾದವೆಂಬುದು ನಿಜ. ಆದರೆ ಹಲವು ತಲೆಮಾರುಗಳ ಕನ್ನಡಿಗರು ಹೆರಿಗೆ, ರೋಗ, ಸಾವುಗಳ ಎದುರಿನಲ್ಲಿ ನುಡಿದು ಸವೆಸಿದ ಮಾತನ್ನು ಇನ್ನೂ ಹೊರಗಿನದೆಂದು ಕರೆಯುವುದು ಶಾಸ್ತ್ರಕ್ಕೂ ನ್ಯಾಯಕ್ಕೂ ಹೊಂದುವುದಿಲ್ಲ.